ಕಾಲರ್ ತಿರುವುವವರು

ಜೂನ್ 2, ಸೋಮವಾರ. ಬೆಳಿಗ್ಗೆ 7.25, ಕಂಪನಿ ಬಸ್

ಮತ್ತೆ ಕಿಟಕಿ ಸೀಟು ಸಿಕ್ಕಿತು. ಮದುವೆಯಾಗಿ ಹದಿನೆಂಟು ದಿನ. ಕೈತುಂಬ ಹಸಿರು ಬಳೆ, ಒಂದು ಸಾಲು ಬರೆದರೆ ಹತ್ತು ಸಲ ಸದ್ದು. ಪಕ್ಕದವಳು ನೋಡಿ ನಗುತ್ತಾಳೆ. ನಗಲಿ!

ಬೆಳಿಗ್ಗೆಯೇ ಶಾಕ್. ಬಚ್ಚಲಿನಿಂದ "ಸೋಮೇಶ್, ಟವೆಲ್!" ಎಂದು ಕೂಗಿದೆ. ಹೊರಗೆ ಢಣ್ ಎಂದಿತು. ಅತ್ತೆ ಕೈಯಲ್ಲಿದ್ದ ಚೊಂಬು. "ಅಯ್ಯಯ್ಯೋ, ಗಂಡನ್ ಎಸ್ರ ಇಡ್ದು ಇಡೀ ಬೀದಿಗೆ ಕೇಳಂಗೆ ಕೂಗ್ತಾಳಲ್ಲಪ್ಪ!" ಮತ್ತೆ ಹೇಗೆ ಕೂಗಬೇಕು? ರೀ ಎನ್ನಬೇಕಂತೆ. ಪ್ರಾಕ್ಟೀಸ್ ಮಾಡಿದೆ. ಎರಡು ಸಲ ಅಂದೆ, ಮೂರನೇ ಸಲ ನಗು ಬಂತು. ಸೋಮೇಶ್ ಕರೆಂಟ್ ಆಫೀಸಿಗೆ ಹೊರಟವನು ಗೇಟಿನ ತನಕ ಹೋಗಿ ವಾಪಸ್ ಬಂದ. ಹೆಲ್ಮೆಟ್ ಮರೆತನಂತೆ. ಹೆಲ್ಮೆಟ್ ಅವನ ಕೈಯಲ್ಲೇ ಇತ್ತು. ಲವ್ ಯು!

ಇವತ್ತು ನನ್ನ ಮೊದಲ ಸ್ಪ್ರಿಂಟ್ ಶುರು. ಎಂಬಿಎ ಪುಸ್ತಕದಲ್ಲಿ ಓದಿ ಓದಿ ಕನಸಿನಲ್ಲೂ ಬರುತ್ತಿತ್ತು. ಒಂದು ಸಂಸ್ಥೆ ಬದಲಾಗಬೇಕೆಂದರೆ ಮೇಲಿನಿಂದ ಆರ್ಡರ್ ಹೊರಡಿಸಿ ಒಂದೇ ದಿನಕ್ಕೆ ಎಲ್ಲ ತಿರುವಿ ಹಾಕಬಾರದು. ಎರಡು ವಾರ ಚಿಕ್ಕದಾಗಿ ಮಾಡಿ ನೋಡಬೇಕು, ಅದೇ ಸ್ಪ್ರಿಂಟ್. ದಿನವೂ ಹತ್ತು ನಿಮಿಷ ನಿಂತುಕೊಂಡೇ ಮಾತಾಡಬೇಕು. ಎಡವಿದರೆ ಎಡವಿದೆ ಎಂದು ಬಾಯಿಬಿಟ್ಟು ಹೇಳಬೇಕು. ತಿದ್ದಿಕೊಂಡು ಮತ್ತೆರಡು ವಾರ. ಅಷ್ಟೇ, ಅಜೈಲ್ ಅಂದರೆ ಇಷ್ಟೇ. ಬದನಗುಪ್ಪೆಯ ನಮ್ಮ ಗಾರ್ಮೆಂಟ್ಸ್‌ಗೆ ಇದನ್ನು ತರುತ್ತಿರುವುದು ನಾನು! ಎಚ್.ಆರ್. ಎಕ್ಸಿಕ್ಯೂಟಿವ್ ಶಿವರಂಜಿನಿ. ಪ್ರೊಬೇಷನ್ ಇನ್ನೂ ಮುಗಿದಿಲ್ಲ, ಇರಲಿ.

ಸಂಜೆ 6.05, ಬಸ್

ಬೋರ್ಡ್ ನೇತುಹಾಕಿದೆವು. ಮೂರು ಕಾಲಂ: ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು. ಹಳದಿ ಚೀಟಿ ಅಂಟಿಸಿ, ಕಿತ್ತು, ಮುಂದಕ್ಕೆ ಅಂಟಿಸುವುದು. ಎಲ್ಲರೂ ಸುತ್ತ ನಿಂತು ನೋಡಿದರು.

ಈಗಿನ ಪದ್ಧತಿ: ಉದ್ದ ಲೈನ್. ಒಬ್ಬಳು ಜೇಬು, ಒಬ್ಬಳು ತೋಳು, ಇನ್ನೊಬ್ಬಳು ಬರೀ ಗುಂಡಿ. ಎಂಟು ಟೈಲರ್‌ಗೆ ಇಬ್ಬರು ಹೆಲ್ಪರ್. ಹೆಲ್ಪರ್ ಕೆಲಸ ದಾರ ಕತ್ತರಿಸುವುದು, ಕಾಲರ್ ತಿರುವುವುದು. ಕಾಲರನ್ನು ಒಳಮೈ ಹೊರಗಿಟ್ಟು ಹೊಲಿದಿರುತ್ತಾರೆ. ಅದನ್ನು ತಿರುವಿ, ಮೊಂಡು ಕಡ್ಡಿಯಿಂದ ಮೂಲೆಯನ್ನು ತಳ್ಳಿ ತಳ್ಳಿ ಚೂಪು ಮಾಡಬೇಕು. ಹೊಸ ಪದ್ಧತಿ: ಎಂಟು ಟೈಲರ್, ಒಂದು ಟೇಬಲ್, ಇಡೀ ಶರ್ಟು ಅವರದೇ. ಯಾವುದು ಮೊದಲು, ಯಾರು ಏನು—ಅವರೇ ತೀರ್ಮಾನಿಸುವುದು. ಬೈಯಲು ಸೂಪರ್‌ವೈಸರ್ ಇಲ್ಲ. ಟ್ರಯಲ್ ಟೇಬಲ್‌ಗೆ ಮುಂದಾಳಾಗಿ ಎಲ್ಲರೂ ಆರಿಸಿದ್ದು ಯಾರನ್ನು ಗೊತ್ತಾ? ನಮ್ಮ ಚಿಕ್ಕತ್ತೆಯನ್ನು! ಅತ್ತೆಯ ತಂಗಿ ಮರಿತಾಯಮ್ಮ. ತೆರಕಣಾಂಬಿಯವರು, ಇಪ್ಪತ್ತೆರಡು ವರ್ಷದಿಂದ ಹೊಲಿಗೆ. ನನ್ನ ಜಾತಕ ಈ ಮನೆಗೆ ತಂದವರೇ ಅವರು.

ಲೈನ್ ಮೂರರ ಹೆಲ್ಪರ್ ಪುಟ್ಟಮಲ್ಲಮ್ಮ ಎದ್ದು ಕೇಳಿದರು. ಚಿಕ್ಕತ್ತೆಯ ಪಕ್ಕದ ಮನೆಯವರು, ಐವತ್ತರ ಮೇಲೆ. "ಎಂಟೇ ಜನ ಅಂದ್ರೆ ನಾವು ಎಲ್ಪರ್‌ಗಳು ಎಲ್ಲಿಗೋಗದವ್ವ?"

ಪ್ಲಾಂಟ್ ಹೆಡ್ ಸುಧಾಕರ್ ಸರ್ ನನ್ನನ್ನು ನೋಡಿದರು. ಹೋದ ವಾರವೇ ಹೇಳಿದ್ದರು, ಯಾರನ್ನೂ ತೆಗೆಯುವುದಿಲ್ಲ, ಹೊಸ ಆರ್ಡರ್ ಬರುತ್ತಿದೆ ಎಂದು. ಮಾರ್ಕರ್ ತೆಗೆದು ಚಾರ್ಟಿನ ಮೇಲೆ ದೊಡ್ಡದಾಗಿ ಬರೆದೆ: "ಈ ಬದಲಾವಣೆಯಿಂದ ಯಾರ ಕೆಲಸವೂ ಹೋಗುವುದಿಲ್ಲ." ಕೆಳಗೆ ಸಹಿ ಹಾಕಿದೆ. ಚಪ್ಪಾಳೆ! ಮೈ ಜುಮ್ಮೆಂದಿತು.

ಜೂನ್ 3, ಮಂಗಳವಾರ

ಮೊದಲ ಸ್ಟ್ಯಾಂಡ್-ಅಪ್. ಅಂದರೆ ನಿಂತು ಮಾತಾಡುವ ಹತ್ತು ನಿಮಿಷ. "ನೆನ್ನೆ ಏನು ಮಾಡಿದಿರಿ?" ಎಂದೆ.

"ಮುದ್ದೆ, ಉಳ್ಳಿಕಾಳ್ ಸಾರು."

"ಅಯ್ಯೋ, ಇಲ್ಲಿ!"

"ಇಲ್ಲಿ ಮಾಡದೇನಿದ್ದದು, ಹೊಲ್ದೋ."

"ಕೆಲಸಕ್ಕೆ ಏನಾದರೂ ಅಡ್ಡಿ ಆಯ್ತಾ?"

ಎಂಟು ಜನರೂ ಚಿಕ್ಕತ್ತೆಯ ಮುಖ ನೋಡಿದರು. ಚಿಕ್ಕತ್ತೆ, "ಏನೂ ಇಲ್ಲ ಬುಡಮ್ಮಿ, ನೀನು ಓಗಿ ಕಾಫಿ ಕುಡಿ" ಎಂದರು.

ಇವತ್ತು 104 ಶರ್ಟು. ಹಳೇ ಪದ್ಧತಿಯಲ್ಲಿ ಎಂಟು ಟೈಲರ್, ಇಬ್ಬರು ಹೆಲ್ಪರ್ ಸೇರಿ ದಿನಕ್ಕೆ 160. ಸುಧಾಕರ್ ಸರ್ ಹುಬ್ಬು ಮೇಲಕ್ಕೆ ಹೋಯಿತು. ಮೊದಲ ದಿನ ಸರ್, ಎಂದೆ. ಬಸ್ಸಿನಲ್ಲಿ ಮಾತ್ರ ಕಣ್ಣಲ್ಲಿ ನೀರು. ಚಿಕ್ಕತ್ತೆ ನೋಡಿಬಿಟ್ಟರು.

ಜೂನ್ 5, ಗುರುವಾರ

131!! ಎರಡೇ ದಿನದಲ್ಲಿ. ನನಗೆ ಕುಣಿಯಬೇಕು ಅನ್ನಿಸಿತು. ಕುಣಿದೆ ಕೂಡ, ಫೈಲ್ ರೂಮಿನಲ್ಲಿ.

ಚಿಕ್ಕತ್ತೆಗೆ ಮೊಣಕೈ ನೋವು. ಎಂಟು ಜನರ ಊಟದ ಡಬ್ಬಿಗಳು ಒಂದೇ ದೊಡ್ಡ ಚೀಲದಲ್ಲಿ, ಅದನ್ನು ಹೊರುವುದು ಅವರೇ. ನೆನ್ನೆ ಸಂಜೆ ಗೇಟಿನ ಹತ್ತಿರ ನನ್ನ ಕೈಗೆ ಕೊಟ್ಟರು. "ಬಸ್‌ಗಂಟ ಇಡ್ಕಳಮ್ಮಿ." ಸೊಸೆಯಾಗಿ ನನ್ನ ಮೊದಲ ಸೇವೆ! ಬೆಳಿಗ್ಗೆ ಒಳಗೆ ಬರುವಾಗ ಯಾರೂ ನೋಡುವುದಿಲ್ಲ, ಸಂಜೆ ಹೊರಡುವಾಗ ಸೆಕ್ಯೂರಿಟಿಯವಳು ಕೆಲಸಗಾರರ ಚೀಲವನ್ನೆಲ್ಲ ತಳದವರೆಗೂ ಕೆದಕುತ್ತಾಳೆ. ಒಂದು ಗುಂಡಿ ಹೊರಗೆ ಹೋದರೂ ಕೆಲಸದಿಂದ ವಜಾ, ಕಂಪನಿ ರೂಲ್. ನನಗೆ ಮಾತ್ರ ಸಲ್ಯೂಟ್. ಸ್ಟಾಫ್ ಅಲ್ಲವೇ. ಖಾಲಿ ಡಬ್ಬಿ ಇಷ್ಟು ಭಾರವಾ? ಸ್ಟೀಲು, ಹಳೇ ಕಾಲದ್ದು, ಎಂದರು.

ಜೂನ್ 8, ಭಾನುವಾರ

ಚಿಕ್ಕತ್ತೆಯೂ ಸೇರಿ ನೆಂಟರು ಹನ್ನೊಂದು ಜನ ಬಂದಿದ್ದರು. ನನ್ನ ಮೊದಲ ಪೂರ್ತಿ ಅಡುಗೆ. ಎಲ್ಲರೂ ಬಾಯಿ ಚಪ್ಪರಿಸಿ ತಿಂದರು. ಚಿಕ್ಕತ್ತೆ ಸಾರು ಎರಡನೇ ಸಲ ಹಾಕಿಸಿಕೊಂಡರು. ಕೊನೆಗೆ ನಾನು ಕೂತು ಒಂದು ತುತ್ತು ಬಾಯಿಗಿಟ್ಟೆ—ಉಪ್ಪು! ಸಮುದ್ರ! ಎದ್ದು ಹೋಗಿ ಉಗಿದೆ. ಸೋಮೇಶನನ್ನು ರೂಮಿಗೆ ಎಳೆದುಕೊಂಡು ಹೋಗಿ ಕೇಳಿದೆ, ಯಾಕೆ ಯಾರೂ ಹೇಳಲಿಲ್ಲ?

"ಹೊಸ ಸೊಸೆ ಅಡುಗೇಲಿ ಉಪ್ಪು ಜಾಸ್ತಿ ಅಂತ ಯಾರಾದ್ರೂ ಹೇಳ್ತಾರಾ ರಂಜು?"

ನಂಬಲಾಗಲಿಲ್ಲ. ಹನ್ನೊಂದು ಜನ! ಒಬ್ಬರ ಮುಖವೂ ಕದಲಲಿಲ್ಲ. ಎಷ್ಟು ಪ್ರೀತಿಯ ಜನ.

ಜೂನ್ 12, ಗುರುವಾರ

163. ನೂರಾ ಅರವತ್ತಮೂರು!!! ಎಂಟೇ ಜನ, ಹತ್ತು ಜನರ ಕೆಲಸಕ್ಕಿಂತ ಜಾಸ್ತಿ. ಕ್ಯಾಲ್ಕುಲೇಟರ್‌ನಲ್ಲಿ ಮೂರು ಸಲ ನೋಡಿದೆ. ಸುಧಾಕರ್ ಸರ್ ಗ್ರಾಫನ್ನು ಬೆಂಗಳೂರಿನ ಹೆಡ್ ಆಫೀಸಿಗೆ ಕಳಿಸಿದರು. ಮೇಲ್‌ನಲ್ಲಿ ನನ್ನ ಹೆಸರು ದಪ್ಪಕ್ಷರದಲ್ಲಿ. ಸೋಮೇಶನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. ಒಂದು ಹಾರ್ಟ್ ಬಂತು. ಒಂದೇ? ಸಾಮಾನ್ಯವಾಗಿ ಏಳು ಎಂಟು ಕಳಿಸುವವನು.

ಜೂನ್ 14, ಶನಿವಾರ

ಸ್ಪ್ರಿಂಟ್ ಮುಗಿಯಿತು. ರೆಟ್ರೋ ಮಾಡಿದೆ. ಅಂದರೆ ಎರಡು ವಾರ ಹಿಂದಿರುಗಿ ನೋಡುವುದು. ಏನು ಚೆನ್ನಾಗಿತ್ತು, ಏನು ಕಷ್ಟವಾಯಿತು, ಹೆಸರಿಲ್ಲದೆ ಚೀಟಿಯಲ್ಲಿ ಬರೆಯಿರಿ ಎಂದೆ. "ಕಷ್ಟ ಬರೆದರೇನೇ ನನಗೆ ಖುಷಿ" ಎಂದು ಎರಡೆರಡು ಸಲ ಹೇಳಿದೆ. ಎಂಟು ಚೀಟಿ ಬಂದವು. ಎಂಟರಲ್ಲೂ: ಚೆನ್ನಾಗಿದೆ. ಒಂದರಲ್ಲಿ: ಮೇಡಂ ಸೀರೆ ಕೂಡ ಚೆನ್ನಾಗಿದೆ.

ಪುಸ್ತಕದ ಪ್ರಕಾರ ಇದು ಅನುಮಾನಪಡಬೇಕಾದ ವಿಷಯ. ನಾನು ಪಡಲಿಲ್ಲ. ಸೀರೆ ನಿಜವಾಗಿ ಚೆನ್ನಾಗಿತ್ತು.

ಜೂನ್ 19, ಗುರುವಾರ

171. ಬರೆಯಲು ಪುರುಸೊತ್ತಿಲ್ಲ. ಮೂವತ್ತನೇ ತಾರೀಕು ಹೆಡ್ ಆಫೀಸಿನಿಂದ ನಯನಾ ಮೇಡಂ ರಿವ್ಯೂಗೆ ಬರುತ್ತಾರಂತೆ. ಸ್ಲೈಡ್ ಮಾಡಬೇಕು. ಚೀಲ ದಿನಾ ನಾನೇ ಹೊರುವುದು, ಅಭ್ಯಾಸವಾಗಿದೆ. ಬಳೆ ಎರಡು ಒಡೆದವು.

ಜೂನ್ 22, ಭಾನುವಾರ. ಸಂಜೆ 5.30

ಮೊದಲಿನಿಂದ ಬರೆಯುತ್ತೇನೆ.

ತೆರಕಣಾಂಬಿಗೆ ಊಟಕ್ಕೆ ಹೋಗಿದ್ದೆವು. ಗುರುವಾರದಿಂದ ಆಷಾಢ. ಆಷಾಢದಲ್ಲಿ ಹೊಸ ಸೊಸೆ ತವರಿನಲ್ಲಿರಬೇಕು, ಅದಕ್ಕೆ ಮೊದಲೇ ಗಂಡು ಹೆಣ್ಣನ್ನು ಕರೆದು ಊಟ ಹಾಕಿಬಿಡಬೇಕೆಂದು ನೆಂಟರೆಲ್ಲ ಸಾಲು ನಿಂತಿದ್ದಾರೆ. ಇವತ್ತು ಚಿಕ್ಕತ್ತೆಯ ಸರದಿ. ಒಬ್ಬಟ್ಟು, ಕಡಲೆಬೇಳೆ ಪಾಯಸ. ಊಟವಾದ ಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದೆ. ಪಕ್ಕದ ಮನೆಯ ಹಿಂದಿನ ಜಗಲಿಯಲ್ಲಿ ಮೂವರು ಹೆಂಗಸರು ಕಾಲು ಚಾಚಿ ಕೂತು ಹರಟುತ್ತಿದ್ದರು. ನಡುವೆ ಮೊರ. ಮೊರದ ತುಂಬ ಬಿಳಿ ಬಿಳಿ. ಬೆಳ್ಳುಳ್ಳಿ ಬಿಡಿಸುತ್ತಿದ್ದಾರೆ ಎಂದುಕೊಂಡೆ.

ಬೆಳ್ಳುಳ್ಳಿಯಲ್ಲ. ಕಾಲರ್. ನಮ್ಮ ಶರ್ಟಿನ ಕಾಲರ್.

ಪಕ್ಕದಲ್ಲಿ ಕಟ್ಟುಗಳು. ಪ್ರತಿ ಕಟ್ಟಿನ ಮೇಲೂ ಹಳದಿ ಚೀಟಿ. ನನ್ನ ಬೋರ್ಡಿನ ಚೀಟಿ! ಒಂದರಲ್ಲಿ ನನ್ನದೇ ಅಕ್ಷರ: ಮಾಡುತ್ತಿರುವುದು.

ನಡುವೆ ಕೂತಿದ್ದವರು ಪುಟ್ಟಮಲ್ಲಮ್ಮ. ಹೆಬ್ಬೆರಳಲ್ಲಿ ಕಾಲರ್ ತಿರುವಿ, ಮೊಂಡು ಮಾಡಿದ ಬಿದಿರು ಕಡ್ಡಿ ತೂರಿಸಿ, ಟಕ್, ಟಕ್, ಎರಡು ಮೂಲೆ, ಎಸೆತ. ನೋಡುತ್ತಿದ್ದಂತೆಯೇ ನಾಲ್ಕು ಮುಗಿಸಿದರು. ನನ್ನನ್ನು ನೋಡಿ ನಾಚಿ ನಕ್ಕರು. "ಬಾರವ್ವ, ಕೂತ್ಕೊ. ನಿನ್ ಕೆಲ್ಸಾನೇ ಮಾಡ್ತಿರದು."

ಹಿಂದಿನಿಂದ ಚಿಕ್ಕತ್ತೆ ಓಡಿ ಬಂದರು. "ನಿಂಗ್ಯಾರು ಇತ್ಲಿಗೆ ಬಾ ಅಂದೋರು!"

"ಇದು ಇಲ್ಲಿಗೆ ಹೇಗೆ ಬಂತು ಚಿಕ್ಕತ್ತೆ? ಗೇಟ್ ಹೇಗೆ ದಾಟಿತು?"

ಪುಟ್ಟಮಲ್ಲಮ್ಮನೇ ಹೇಳಿದರು, ಕಡ್ಡಿ ಆಡಿಸುತ್ತಲೇ. "ನೀನೇ ತತ್ತಿದ್ದೆಯಲ್ಲವ್ವ, ದಿನಾ. ಡಬ್ಬೀಲಿ."

ಡಬ್ಬಿ. ಎಂಟು ಡಬ್ಬಿ. ಸಲ್ಯೂಟ್. ದೇವರೇ... ಹದಿನೈದು ದಿನದಿಂದ ಕಳ್ಳಮಾಲು ಗೇಟು ದಾಟಿಸಿದವಳು ನಾನು!

ಕಲ್ಲಿನ ಮೇಲೆ ಕೂತುಬಿಟ್ಟೆ. ಚಿಕ್ಕತ್ತೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. "ಅವತ್ತು ಬಸ್ಸಲ್ಲಿ ಅಳ್ತಿದ್ದಲ್ಲ, ನೂರಾ ನಾಲ್ಕು ಬಂತು ಅಂತ. ಸೈಸಕ್ಕಾಗ್ನಿಲ್ಲ ಕಣಮ್ಮಿ. ಮದ್ವೆ ಆಗಿ ತಿಂಗ್ಳಾಗಿಲ್ಲ, ಮೊದುಲ್ನೇ ಕೆಲ್ಸ ಸೋತೋದ್ರೆ ನಾಕು ಜನ ಏನಂದಾರು? ಸೊಸೆ ಕಾಲ್ಗುಣ ಅನ್ನಲ್ವಾ? ಒಳಗೆ ಎಂಟು ಜನುಕ್ಕೆ ಕಾಲರ್ ತಿರುವಕ್ಕೆ ಪುರ್‌ಸೊತ್ತಿಲ್ಲ. ಅದ್ಕೇ ಇವ್ಳ ಕೇಳ್ದೆ. ಮಾಡ್ಕೊಟ್ಲು, ಒಂದು ಕಾಸು ಕೇಳ್ನಿಲ್ಲ."

"ಸೋತರೂ ಪರವಾಗಿಲ್ಲ ಅಂತ ಅಷ್ಟು ಸಲ ಹೇಳಿದೆನಲ್ಲ! ಸೋತರೆ ಹೇಳಿ ಅಂತಲೇ ತಾನೇ ದಿನಾ ನಿಂತು ಕೇಳಿದ್ದು?"

"ನೀನು ಕೇಳ್ತೀಯ. ನಾವು ಯೋಳಕ್ಕಾದದಾ?"

ಉಪ್ಪಿನ ಸಾರು ಎರಡು ಸಲ ಹಾಕಿಸಿಕೊಂಡ ಮುಖ. ಅದೇ ಮುಖ.

ಬೈಕಿನಲ್ಲಿ ಬರುವಾಗ ಸೋಮೇಶನಿಗೆ ಹೇಳಿದೆ, ಅಳುತ್ತಾ, ಗಾಳಿಯಲ್ಲಿ ಕಿರುಚುತ್ತಾ. ಅವನು ತಿರುಗಲಿಲ್ಲ. "ನಂಗೆ ಗೊತ್ತಿತ್ತು ರಂಜು" ಎಂದ.

ಇಳಿದುಬಿಡಬೇಕು ಅನ್ನಿಸಿತು. ಅತ್ತೆಗೂ ಗೊತ್ತಂತೆ. ಎಲ್ಲರಿಗೂ ಗೊತ್ತು. ಗ್ರಾಫ್ ಬರೆದವಳಿಗೊಬ್ಬಳಿಗೇ ಗೊತ್ತಿಲ್ಲ.

ಜೂನ್ 24, ಮಂಗಳವಾರ. ಮಧ್ಯಾಹ್ನ 3.40, ಫೈಲ್ ರೂಮ್

ಎರಡು ದಿನ ಯಾರಿಗೂ ಏನೂ ಹೇಳಲಿಲ್ಲ, ಚೀಲ ಮಾತ್ರ ಮುಟ್ಟಲಿಲ್ಲ. ಹೇಳಿದರೆ ಎಂಟು ಜನರ ಕೆಲಸ ಹೋಗುತ್ತದೆ. ಗುಂಡಿ ಹೋದರೇ ವಜಾ, ಇದು ಸಾವಿರಾರು ಕಾಲರ್. ಸುಮ್ಮನೆ ನಿಂತು ಹೋಗಲಿ, ನಿಧಾನವಾಗಿ ಸರಿಮಾಡುತ್ತೇನೆ ಅಂದುಕೊಂಡೆ.

ಈಗ ಸುಧಾಕರ್ ಸರ್ ಕರೆದು ಒಂದು ಹಾಳೆ ಕೊಟ್ಟರು. "ಕಂಗ್ರಾಟ್ಸ್ ಶಿವರಂಜಿನಿ, ನಿಮ್ಮ ಮಾಡೆಲ್ ಇಡೀ ಪ್ಲಾಂಟಿಗೆ. ಎಂಟು ಜನ ಹತ್ತು ಜನರ ಕೆಲಸ ಮಾಡ್ತಾರೆ ಅಂತ ನೀವೇ ಪ್ರೂವ್ ಮಾಡಿದೀರಿ. ಹೆಲ್ಪರ್ ಅನ್ನೋ ಪೋಸ್ಟೇ ಬೇಕಾಗಿಲ್ಲ. ಇವರಿಗೆ ಹೇಗೆ ತಿಳಿಸೋದು ಅಂತ ಪ್ಲಾನ್ ಮಾಡಿ. ಮೂವತ್ತಕ್ಕೆ ನಯನಾ ಮೇಡಂ ಸೈನ್ ಹಾಕ್ತಾರೆ."

ನಲವತ್ತಾರು ಹೆಸರು. ಹದಿನೇಳನೆಯದು ಪುಟ್ಟಮಲ್ಲಮ್ಮ.

ಸರ್, ಯಾರ ಕೆಲಸವೂ ಹೋಗಲ್ಲ ಅಂತ ಸಹಿ ಹಾಕಿದ್ದೇನೆ, ಎಂದೆ.

"ಹೋಗ್ತಿಲ್ಲವಲ್ಲ. ತಮಿಳುನಾಡಿನ ಯೂನಿಟ್‌ಗೆ ಟ್ರಾನ್ಸ್‌ಫರ್. ಬರೋರು ಬರಲಿ."

ತೆರಕಣಾಂಬಿಯ ಪುಟ್ಟಮಲ್ಲಮ್ಮ, ಭೀಮನಬೀಡಿನ ಹೆಂಗಸರು, ಬೆಳಿಗ್ಗೆ ಹಾಲು ಕರೆದು ಬಸ್ ಹತ್ತುವವರು. ಯಾರು ಹೋಗುತ್ತಾರೆ? ಅದು ಸರ್‌ಗೂ ಗೊತ್ತು.

ಪುಟ್ಟಮಲ್ಲಮ್ಮ ಬಿಟ್ಟಿಯಾಗಿ, ತನ್ನ ಜಗಲಿಯಲ್ಲಿ ಕೂತು, ತಾನು ಬೇಡದವಳು ಎಂದು ತಾನೇ ಸಾಬೀತು ಮಾಡಿದ್ದಾರೆ. ನನಗೋಸ್ಕರ.

ಜೂನ್ 25, ಬುಧವಾರ

ಬಸ್ಸಿನಲ್ಲಿ ಚಿಕ್ಕತ್ತೆಗೆ ಪಟ್ಟಿಯ ವಿಷಯ ಹೇಳಿದೆ, ಕಿವಿಯಲ್ಲಿ. ಮೊದಲು ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. "ನಮ್ ಪುಟ್ಟಮಲ್ಲಿ ಎಸ್ರೂವೆ?" ಎಂದರು. ಹೌದು ಎಂದೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತರು. ಎರಡು ಸೀಟು ಮುಂದೆ ಪುಟ್ಟಮಲ್ಲಮ್ಮ ಯಾರಿಗೋ ಜೋರಾಗಿ ಜೋಕ್ ಹೇಳುತ್ತಿದ್ದರು.

ಇನ್ನು ಒಂದು ಕಾಲರೂ ಹೊರಗೆ ಹೋಗಬಾರದು ಎಂದೆ. ತಲೆಯಾಡಿಸಿದರು. ಇಳಿಯುವಾಗ ಕೈ ಹಿಡಿದರು. "ಗೇಟಿನ್ ಇಸ್ಯ ಮಾತ್ರ ಬಾಯ್ ಬುಡಬ್ಯಾಡ. ಎಂಟು ಜನುದ್ದೂ ಅನ್ನ ಓಯ್ತದೆ."

ಇವತ್ತು 118.

ಜೂನ್ 26, ಗುರುವಾರ. ಚಾಮರಾಜನಗರ, ಅಮ್ಮನ ಮನೆ

ಆಷಾಢ. ಸೋಮೇಶ್ ಬ್ಯಾಗ್ ತಂದು ಬಿಟ್ಟು ಹೋದ. ಅಮ್ಮ ನನ್ನ ಮುಖ ನೋಡಿ, ಒಂದು ತಿಂಗಳು ತಾನೇ, ಅಳಬೇಡ ಎಂದಳು. ಗಂಡನನ್ನು ಬಿಟ್ಟು ಬಂದೆ ಎಂದು ಅಳುತ್ತಿದ್ದೇನೆ ಎಂದುಕೊಂಡಿದ್ದಾಳೆ, ಪಾಪ.

ಫೋನ್ ಮಾಡಿದ. ಎತ್ತಿದೆ.

"ಯಾಕೆ ಹೇಳಲಿಲ್ಲ?"

"ನೀನು ಎಷ್ಟು ಖುಷಿಯಾಗಿದ್ದೆ ರಂಜು. ದಿನಾ ಬಂದು ನಂಬರ್ ಹೇಳೋಳು, ಕುಣಿಯೋಳು. ಹೇಗೆ ಹೇಳಲಿ?"

"ನನ್ನ ಖುಷಿಗೆ ನಲವತ್ತಾರು ಜನ ಬೀದಿಗೆ ಬೀಳ್ತಾರೆ."

"ಈಗ ಹೇಳ್ತೀನಿ ಕೇಳು. ಆವತ್ತಿನ ಸಾರು ತಿಂದು ನಂಗೆ ರಾತ್ರಿಯೆಲ್ಲ ನೀರು ಕುಡಿದು ಕುಡಿದು ಸಾಕಾಯ್ತು" ಎಂದ. ನಗು ಬಂತು, ಕೋಪವೂ ಬಂತು, ಫೋನ್ ಇಟ್ಟೆ. ಮತ್ತೆ ನಾನೇ ಮಾಡಿದೆ. ಮದುವೆಯಾದ ಮೇಲೆ ಅವನು ನನಗೆ ಹೇಳಿದ ಮೊದಲ ನಿಜ ಇದು ಅನ್ನಿಸಿತು.

ಜೂನ್ 28, ಶನಿವಾರ

118, 121, 116, 120. ನಾಲ್ಕು ದಿನ. ಇದೇ ನಿಜವಾದ ನಂಬರ್. ಎಂಟು ಜನರಿಗೆ ಎಂಟು ಜನರದ್ದು. ಇದನ್ನು ತೋರಿಸಿದರೆ ಸಾಕು, ಪಟ್ಟಿ ತಾನಾಗಿ ಬಿದ್ದುಹೋಗುತ್ತದೆ, ಯಾರ ಹೆಸರೂ ಎತ್ತಬೇಕಾಗಿಲ್ಲ. ಎಷ್ಟು ಜಾಣೆ ನಾನು!

ಸುಧಾಕರ್ ಸರ್ ಸ್ಲೈಡ್ ನೋಡಿದರು. ಕೊನೆಯ ನಾಲ್ಕು ಕಂಬ ಸೆಲೆಕ್ಟ್ ಮಾಡಿದರು. ಡಿಲೀಟ್.

"ಆಷಾಢ ಶುರು, ಮನಸ್ಸು ಎಲ್ಲೋ ಇರುತ್ತೆ ಹೆಂಗಸರಿಗೆ. ಇದನ್ನ ಲೆಕ್ಕಕ್ಕೆ ತಗೊಳ್ಳೋದು ಬೇಡ. ಒಳ್ಳೇ ನಂಬರ್ ಕೊಡೋಣ. ನಿಮ್ಮ ಕನ್ಫರ್ಮೇಷನ್ ಲೆಟರ್ ಟೈಪ್ ಆಗಿದೆ, ಗೊತ್ತಲ್ಲ?"

ಕಂಬ ನಾಲ್ಕೂ ಹೋದವು. ನೋಡುತ್ತಾ ನಿಂತಿದ್ದೆ.

ಜೂನ್ 30, ಸೋಮವಾರ. ಬೆಳಿಗ್ಗೆ 9.10

ರಾತ್ರಿ ಫೋನಿನಲ್ಲಿ ಸೋಮೇಶನಿಗೆ ಹೇಳಿದೆ, ಬೆಳಿಗ್ಗೆ ಗೇಟಿನಲ್ಲಿ ಚಿಕ್ಕತ್ತೆಗೂ ಹೇಳಿದೆ. ಎಂಟು ಜನರ ಹೆಸರು ಹೇಳುವುದಿಲ್ಲ. ಗೇಟಿನಿಂದ ಹೊರಗೆ ತಂದವಳು ನಾನು, ಅದನ್ನು ಹೇಳುತ್ತೇನೆ. ಅದು ಸುಳ್ಳೂ ಅಲ್ಲವಲ್ಲ. ಚಿಕ್ಕತ್ತೆ, "ನಿನ್ ಕೆಲ್ಸ?" ಎಂದರು. "ಬೇರೆ ಸಿಗುತ್ತೆ" ಎಂದೆ. ಸಿಗುತ್ತದಾ?

ನಯನಾ ಮೇಡಂ ಕಾರು ಬಂತು. ಕಾಟನ್ ಸೀರೆ, ಕನ್ನಡಕ. ನಗಲಿಲ್ಲ. ರಿವ್ಯೂಗೆ ಟ್ರಯಲ್ ಟೇಬಲ್‌ನ ಎಂಟು ಜನ, ಹೆಲ್ಪರ್‌ಗಳ ಪರವಾಗಿ ಪುಟ್ಟಮಲ್ಲಮ್ಮ. ಪುಟ್ಟಮಲ್ಲಮ್ಮನಿಗೆ ಪಟ್ಟಿಯ ವಿಷಯ ಇನ್ನೂ ಗೊತ್ತಿಲ್ಲ. ಹೇಳಲು ಚಿಕ್ಕತ್ತೆಗೂ ಬಾಯಿ ಬಂದಿಲ್ಲ, ನನಗೂ ಬಂದಿಲ್ಲ. ತಲೆಗೆ ಮಲ್ಲಿಗೆ ಮುಡಿದು, ಇಸ್ತ್ರಿ ಸೀರೆ ಉಟ್ಟು ಬಂದಿದ್ದಾರೆ.

11.05, ಮೀಟಿಂಗ್ ರೂಮಿನ ಹೊರಗೆ, ಬೆಂಚು

ಹೇಳಿಬಿಟ್ಟೆ.

ಸ್ಲೈಡ್ ಹಾಕಿದರು. 171 ಎಂದು ದೊಡ್ಡದಾಗಿ. ಎದ್ದು ನಿಂತೆ. ಈ ನಂಬರ್ ಸುಳ್ಳು ಎಂದೆ. ಕಾಲರ್ ಹೊರಗೆ ಹೋಗಿ ತಿರುವಿಸಿಕೊಂಡು ಬಂದಿವೆ, ಗೇಟು ದಾಟಿಸಿದವಳು ನಾನು, ನಿಜವಾದ ನಂಬರ್ 118, ಹೆಲ್ಪರ್ ಇಲ್ಲದೆ ಆಗುವುದೇ ಇಷ್ಟು. ಸುಧಾಕರ್ ಸರ್ ಮುಖ ಸುಣ್ಣದ ಹಾಗೆ ಬಿಳಿಚಿತು.

ನಯನಾ ಮೇಡಂ ಪೆನ್ ಕೆಳಗಿಟ್ಟರು. "ತಿರುವಿದ್ದು ಯಾರು?"

ಚಿಕ್ಕತ್ತೆ ನೆಲ ನೋಡಿದರು. ಪುಟ್ಟಮಲ್ಲಮ್ಮ ಎದ್ದು ನಿಂತರು—ಬಹುಮಾನ ಕೊಡಲು ಹೆಸರು ಕೂಗಿದ ಹಾಗೆ! "ನಾನು ಕಣವ್ವ. ದಿನಾ ನೂರೈವತ್ತು, ನೂರರವತ್ತು. ಒಂದು ಮೂಲೇನೂ ಅರ್ದಿಲ್ಲ, ನೋಡಿ ಬೇಕಾರೆ."

ಮೇಡಂ ಅವರನ್ನೇ ನೋಡಿದರು. ಆಮೇಲೆ ಸುಧಾಕರ್ ಸರ್ ಕಡೆ ತಿರುಗಿ, "ಯಾರ ಮಾತೂ ಬೇಡ, ಅಳೆದು ನೋಡೋಣ. ಒಂದು ಕಾಲರ್‌ಗೆ ಒಂದು ನಿಮಿಷ ಹಿಡಿದರೆ ನಲವತ್ತಾರು ಜನರೂ ಇರಲಿ, ಪಟ್ಟಿ ಹರಿದುಹಾಕಿ. ಅರ್ಧ ನಿಮಿಷದಲ್ಲಿ ಆಗೋದಾದರೆ ಇಪ್ಪತ್ತಮೂರು ಜನ ಸಾಕು. ಅದಕ್ಕಿಂತ ಕಡಿಮೆ ಆದರೆ ಟೈಲರ್‌ಗಳೇ ಮಾಡಿಕೊಳ್ಳಲಿ. ಇಲ್ಲೇ, ನನ್ನ ಮುಂದೆ, ಇವರೇ ಮಾಡಲಿ" ಎಂದರು. ಇಂಗ್ಲಿಷಿನಲ್ಲಿ ಹೇಳಿದರು. ಪುಟ್ಟಮಲ್ಲಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ.

ನನ್ನ ಕುತ್ತಿಗೆಯಿಂದ ಐಡಿ ಕಾರ್ಡ್ ತೆಗೆಸಿಕೊಂಡು ಹೊರಗೆ ಕೂರಲು ಹೇಳಿದರು. ನನ್ನ ವಿಷಯ ಆಮೇಲಂತೆ. ಎಂಟು ಜನರನ್ನೂ ಫ್ಲೋರಿಗೆ ಕಳಿಸಿದರು. ಒಳಗೆ ಅವರು ಮೂವರೇ. ಬಾಗಿಲು ಹಾಕಿಕೊಂಡಿತು. ಗಾಜಿನ ಗೋಡೆ, ಎಲ್ಲ ಕಾಣುತ್ತದೆ, ಏನೂ ಕೇಳಿಸುವುದಿಲ್ಲ.

11.20

ದೊಡ್ಡ ಮೇಜಿನ ತುದಿಗೆ ಮೆತ್ತನೆ ಕುರ್ಚಿ ಎಳೆದು ಕೂರಿಸಿದ್ದಾರೆ. ಅಂಚಿನಲ್ಲಿ ಕೂತಿದ್ದಾರೆ ಪುಟ್ಟಮಲ್ಲಮ್ಮ. ಮುಂದೆ ಐವತ್ತು ಕಾಲರ್. ಮೇಡಂ ನೀರಿನ ಬಾಟಲಿ ಮುಚ್ಚಳ ತೆಗೆದು ಕೊಟ್ಟರು. ಪುಟ್ಟಮಲ್ಲಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು. ಹದಿನಾಲ್ಕು ವರ್ಷದಲ್ಲಿ ಈ ರೂಮಿನೊಳಗೆ ಅವರನ್ನು ಯಾರೂ ಕೂರಿಸಿಲ್ಲ.

ಮೇಡಂ ಮೊಬೈಲ್ ಎತ್ತಿ ಹಿಡಿದರು. ಸ್ಟಾಪ್‌ವಾಚ್. ಶುರು.

ನನ್ನ ಫೋನಿನಲ್ಲೂ ಹಾಕಿದೆ.

ಒಂದು—ನಲವತ್ತೆಂಟು ಸೆಕೆಂಡ್. ಕೈ ನಡುಗುತ್ತಿದೆ ಅವರಿಗೆ. ನಡುಗಲಿ ದೇವರೇ, ನಡುಗಲಿ.

ಎರಡು—ನಲವತ್ತೊಂದು.

ಮೂರು—ಮೂವತ್ತೈದು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕುರ್ಚಿಯಿಂದ ಇಳಿದು ನೆಲದಲ್ಲಿ ಕೂತರು, ಜಗಲಿಯಲ್ಲಿ ಕೂತ ಹಾಗೆ. ಕಾಲು ಚಾಚಿದರು. ಬೇಡ! ಕುರ್ಚಿಯಲ್ಲೇ ಇರಿ!

ನಾಲ್ಕು—ಮೂವತ್ತು.

ಮೇಡಂ ಬೆಂಗಳೂರಿನಿಂದ ಬಂದವರು. ಪ್ಲಾಂಟ್ ಹೆಡ್ ಕೈಕಟ್ಟಿ ನಿಂತು ನೋಡುತ್ತಿದ್ದಾರೆ. ಇಂಥವರ ಮುಂದೆ ಕೆಲಸ ಕೆಟ್ಟದಾಗಿ ಮಾಡಿ ತೋರಿಸುತ್ತಾರಾ ಪುಟ್ಟಮಲ್ಲಮ್ಮ? ಊರಿಗೆ ಹೋಗಿ ಹೇಗೆ ಹೇಳಿಕೊಳ್ಳುತ್ತಾರೆ?

ಆರು—ಇಪ್ಪತ್ತಾರು. ಟಕ್ ಟಕ್. ಕೇಳಿಸುತ್ತಿಲ್ಲ, ಆದರೂ ನನಗೆ ಕೇಳಿಸುತ್ತಿದೆ.

ಎದ್ದು ಗಾಜಿನ ಹತ್ತಿರ ಹೋದೆ. ಕೈ ಮೇಲೆ ಕೆಳಗೆ ಮಾಡಿ ತೋರಿಸಿದೆ, ನಿಧಾನ, ನಿಧಾನ. ತಲೆಯೆತ್ತಿ ನೋಡಿದರು. ಮುಖ ಅರಳಿತು. ಶಹಭಾಸ್ ಎನ್ನುತ್ತಿದ್ದೇನೆ ಅಂದುಕೊಂಡರು.

ಒಂಬತ್ತು—ಇಪ್ಪತ್ತೆರಡು.

ಹತ್ತು—ಇಪ್ಪತ್ತು. ಮೇಡಂ ಏನೋ ಬರೆದುಕೊಂಡರು. ಇನ್ನೂ ನಲವತ್ತಿವೆ. ಇಲ್ಲ, ಒಳಗೇ ಹೋಗುತ್ತೇನೆ. ಹೋಗಿ ಆ ಕಡ್ಡಿ ಕಿತ್ತುಕೊಳ್ಳುತ್ತೇನೆ. ಪೆನ್ ಕೆಳಗಿಡುತ್ತಿದ್ದೇನೆ.